ಸರಕುಗಾಡಿಯ ಉದ್ದವೂ ಕರಾವಳಿಯ ಒಂಟಿ ಹಳಿಯೂ

ಸರಕುಗಾಡಿ ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆ, ಮೊದಲ ನೋಟಕ್ಕೆ, ರೈಲ್ವೆ ಇಂಜಿನಿಯರರ ಕಚೇರಿಯಲ್ಲಿ ಹುಟ್ಟಿ ಅಲ್ಲಿಯೇ ತೀರ್ಮಾನವಾಗಬೇಕಾದ ಪ್ರಶ್ನೆಯಂತೆ ತೋರುತ್ತದೆ. ಭಟ್ಕಳದ ಮಲ್ಲಿಗೆ ಮಾರುವವಳಿಗೂ, ಹೊನ್ನಾವರದ ಮೀನುಗಾರನಿಗೂ, ಕುಮಟೆಯ ಕಾಲೇಜು ವಿದ್ಯಾರ್ಥಿಗೂ ಅದರಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. ಆದರೆ ಒಂದೇ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳೂ ಓಡಬೇಕಾದ ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಗಾಡಿ ಎಷ್ಟು ಉದ್ದ ಎಂದು ಕೇಳುವುದೂ, ದಾರಿಯಲ್ಲಿ ಕಾಯಬೇಕಾದವರು ಯಾರು ಎಂದು ಕೇಳುವುದೂ ಇಲ್ಲಿ ಒಂದೇ ಆಗಿಬಿಡುತ್ತವೆ. ಈ ಎರಡನೆಯ ಪ್ರಶ್ನೆಯನ್ನು ಇಂಜಿನಿಯರರಿಗೆ ಮಾತ್ರ ಬಿಟ್ಟುಕೊಡುವುದು ಸರಿಯಲ್ಲವೆಂದು ನನಗೆ ತೋರುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ವಾಸುಕಿ, ಶೇಷನಾಗ ಮತ್ತು ರುದ್ರಾಸ್ತ್ರ

ಕಳೆದ ಕೆಲವು ವರ್ಷಗಳಲ್ಲಿ ಭಾರತೀಯ ರೈಲ್ವೆ ಉದ್ದುದ್ದನೆಯ ಸರಕುಗಾಡಿಗಳನ್ನು ಓಡಿಸಿ ನೋಡಿದೆ. 2020ರ ಜುಲೈಯಲ್ಲಿ ನಾಗಪುರದಿಂದ ಕೋರ್ಬಾ ಕಡೆಗೆ ನಾಲ್ಕು ಖಾಲಿ ಗಾಡಿಗಳನ್ನು ಒಂದಾಗಿ ಜೋಡಿಸಿ 2.8 ಕಿಲೋಮೀಟರ್ ಉದ್ದದ 'ಶೇಷನಾಗ'ನನ್ನು ಓಡಿಸಿದರು. 2022ರ ಸ್ವಾತಂತ್ರ್ಯೋತ್ಸವದ ದಿನ ಐದು ತುಂಬಿದ ಗಾಡಿಗಳನ್ನು ಜೋಡಿಸಿದ 'ಸೂಪರ್ ವಾಸುಕಿ' 295 ವ್ಯಾಗನ್ನುಗಳಲ್ಲಿ ಸುಮಾರು 27,000 ಟನ್ ಕಲ್ಲಿದ್ದಲನ್ನು ಹೊತ್ತು ಕೋರ್ಬಾದಿಂದ ರಾಜನಂದಗಾಂವಿಗೆ ಸಾಗಿತು. ಅದರ ಉದ್ದ ಮೂರೂವರೆ ಕಿಲೋಮೀಟರ್. 2025ರ ಆಗಸ್ಟಿನಲ್ಲಿ ಗಂಜ್‌ಖ್ವಾಜಾದಿಂದ ಗಢವಾ ರೋಡಿಗೆ ಹೋದ 'ರುದ್ರಾಸ್ತ್ರ' 354 ವ್ಯಾಗನ್ನುಗಳದು, ನಾಲ್ಕೂವರೆ ಕಿಲೋಮೀಟರ್ ಉದ್ದದ್ದು. ಹೊರದೇಶದ ದಾಖಲೆ ಇದಕ್ಕೂ ಮಿಗಿಲು. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ 2001ರ ಜೂನ್ 21ರಂದು ಕಬ್ಬಿಣದ ಅದಿರು ಹೊತ್ತ 682 ವ್ಯಾಗನ್ನುಗಳ ಗಾಡಿಯೊಂದು ಓಡಿತು. ಅದರ ಉದ್ದ ಏಳು ಕಿಲೋಮೀಟರಿಗೂ ಹೆಚ್ಚು.

ಈ ಅಂಕಿಗಳನ್ನು ನಮ್ಮ ಊರಿನ ಅಳತೆಗೆ ತಂದು ನೋಡೋಣ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲ್ವೆ ಸೇತುವೆ ಕೊಂಕಣ ರೈಲು ಮಾರ್ಗದಲ್ಲಿಯೇ ಅತಿ ಉದ್ದದ ಸೇತುವೆ. ಎರಡು ಕಿಲೋಮೀಟರಿಗೆ ತುಸು ಮಿಕ್ಕಿದ್ದು. 'ಸೂಪರ್ ವಾಸುಕಿ' ಅದರ ಮೇಲೆ ಉತ್ತರಕ್ಕೆ ಹೊರಟಿತೆನ್ನಿ. ಇಂಜಿನು ಹೊನ್ನಾವರದ ದಡ ಮುಟ್ಟಿದಾಗಲೂ ಬಾಲದ ಸುಮಾರು ಒಂದೂವರೆ ಕಿಲೋಮೀಟರು ತೆಂಕಣ ದಡದಲ್ಲಿಯೇ ಉಳಿದಿರುತ್ತದೆ. ಹೊಳೆಯ ಎರಡು ದಡಗಳಲ್ಲಿಯೂ ಏಕಕಾಲಕ್ಕೆ ನಿಂತ ಗಾಡಿಯನ್ನು ಊಹಿಸಿಕೊಂಡರೆ ಚರ್ಚೆಯ ವಿಷಯ ಎಂಥದೆಂಬುದು ಕಣ್ಣಿಗೆ ಕಟ್ಟುತ್ತದೆ.

ಇಂಥ ಗಾಡಿ ನಾಳೆಯೇ ನಮ್ಮ ಕರಾವಳಿಗೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ದೇಶದ ಒಟ್ಟು ಪ್ರವೃತ್ತಿ ಎತ್ತ ಸಾಗಿದೆಯೆಂಬುದು ಸ್ಪಷ್ಟ. ಪೂರ್ವ ಮತ್ತು ಪಶ್ಚಿಮದ ಸರಕು ಮೀಸಲು ಮಾರ್ಗಗಳನ್ನು ಒಂದೂವರೆ ಕಿಲೋಮೀಟರ್ ಉದ್ದದ ಗಾಡಿಗಳಿಗೆಂದೇ ರೂಪಿಸಲಾಗಿದೆ. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣವಾಗಿದೆ. ಇತ್ತ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಇದೆ. ಅಂಕೋಲೆಯ ಕೇಣಿಯಲ್ಲಿ ಇನ್ನೊಂದು. ಎರಡನ್ನೂ ಅಲ್ಲಲ್ಲಿಯ ಮೀನುಗಾರರು ಬಲವಾಗಿ ವಿರೋಧಿಸಿದ್ದಾರೆ. ಆ ವಿವಾದದ ತೀರ್ಪು ಏನೇ ಆಗಲಿ, ಬಂದರು ಎಂಬುದು ಬಂದರೆ ಸರಕು ಬರುತ್ತದೆ. ಸರಕು ಬಂದರೆ ಹಳಿಯ ಮೇಲೆ ಅದಕ್ಕೊಂದು ಜಾಗ ಬೇಕಾಗುತ್ತದೆ. ಆದುದರಿಂದ ಪ್ರಶ್ನೆಯನ್ನು ಈಗಲೇ ಎತ್ತುವುದು ಅಕಾಲಿಕವಾಗಲಾರದು.

ಹಾಸಿಗೆಯ ಅಳತೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ರೈಲ್ವೆಗೆ ಅಕ್ಷರಶಃ ಅನ್ವಯಿಸುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಬೇಕಾದರೆ, ಯಾವುದಾದರೂ ನಿಲ್ದಾಣದಲ್ಲಿ ಒಂದು ಗಾಡಿ ಮುಖ್ಯ ಹಳಿಯನ್ನು ಬಿಟ್ಟು ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಬೇಕು. ನಮ್ಮ ಜನ ಇದನ್ನೇ 'ಕ್ರಾಸಿಂಗಿಗೆ ನಿಂತಿದೆ' ಎನ್ನುವುದು. ಆ ಲೂಪ್ ಲೈನೇ ಗಾಡಿಯ ಹಾಸಿಗೆ. ಭಾರತದಲ್ಲಿ ಅದಕ್ಕೆ ರೂಢಿಯಾಗಿರುವ ಅಳತೆ 686 ಮೀಟರು. ತೆರೆದ ಸಾಮಾನ್ಯ ವ್ಯಾಗನ್ನೊಂದರ ಉದ್ದ ಹತ್ತು ಮುಕ್ಕಾಲು ಮೀಟರಿನಷ್ಟು. ಅಂಥ 58 ವ್ಯಾಗನ್ನುಗಳನ್ನು ಜೋಡಿಸಿದರೆ ಸುಮಾರು 620 ಮೀಟರು. ಇಂಜಿನುಗಳನ್ನೂ ಹಿಂದಿನ ಬ್ರೇಕ್ ವ್ಯಾನನ್ನೂ ಸೇರಿಸಿದರೆ ಹಾಸಿಗೆ ಸರಿಯಾಗಿ ತುಂಬುತ್ತದೆ. ನಮ್ಮ ಗೂಡ್ಸುಗಾಡಿಗೆ 58 ವ್ಯಾಗನ್ನುಗಳ ಆಸುಪಾಸಿನಲ್ಲಿ ಮಿತಿ ಬಿದ್ದಿರುವುದಕ್ಕೆ ಇಂಜಿನಿನ ಶಕ್ತಿಗಿಂತ ಹೆಚ್ಚಾಗಿ ಈ ಲೂಪ್ ಲೈನಿನ ಉದ್ದವೇ ಕಾರಣ.

ಈಗ ಆ ಮಿತಿಯನ್ನು ಮೀರಿದ, ಉದಾಹರಣೆಗೆ 1,400 ಮೀಟರಿನ, ಗಾಡಿಯೊಂದನ್ನು ಭಟ್ಕಳದಿಂದ ಕುಮಟೆಯ ಕಡೆಗೆ ಬಿಟ್ಟರೆ ಏನಾಗುತ್ತದೆ? ಅದು ಯಾವ ಲೂಪಿನಲ್ಲಿಯೂ ಹಿಡಿಸದು. ಹಿಡಿಸದಿದ್ದ ಮೇಲೆ ಅದು ಪಕ್ಕಕ್ಕೆ ಸರಿಯುವ ಮಾತೇ ಇಲ್ಲ. ಎದುರಿಗೆ ಬರುವ ಪ್ರತಿಯೊಂದು ಗಾಡಿಯೂ ಅದಕ್ಕಾಗಿ ಸರಿದು ನಿಲ್ಲಬೇಕು. ಎದುರಿನಿಂದ ಬರುವುದು ಜನರ ಗಾಡಿಯಾದರೂ ಅಷ್ಟೆ, ಮತ್ಸ್ಯಗಂಧಾ ಆದರೂ ಅಷ್ಟೆ. ಆದ್ಯತೆಯ ಬಗ್ಗೆ ಕಾಗದದ ಮೇಲೆ ಯಾವ ನಿಯಮ ಬರೆದಿದ್ದರೂ, ಹಿಡಿಸುವ ಗಾಡಿ ನಿಲ್ಲುತ್ತದೆ, ಹಿಡಿಸದ ಗಾಡಿ ಮುಂದೆ ಹೋಗುತ್ತದೆ. ಇನ್ನು ಎದುರಿನಿಂದಲೂ ಅಂಥದೇ ಉದ್ದದ ಗಾಡಿ ಬಂದರಂತೂ ಎರಡೂ ದಾಟಲಾರವು. ಆದ್ದರಿಂದ ಉದ್ದದ ಗಾಡಿಗಳನ್ನು ಒಂದೇ ದಿಕ್ಕಿಗೆ ಕಳುಹಿಸಿ, ಮರಳುವಾಗ ಬಿಡಿಬಿಡಿಯಾಗಿ ತರಬೇಕಾಗುತ್ತದೆ. ಆಗ ಉಳಿಸಿದ ಸಮಯದ ಒಂದು ಪಾಲು ಜೋಡಿಸುವುದರಲ್ಲಿಯೂ ಬಿಡಿಸುವುದರಲ್ಲಿಯೂ ಕಳೆದುಹೋಗುತ್ತದೆ.

ಕಾಲದ ಲೆಕ್ಕವನ್ನೂ ನೋಡಬಹುದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತೆವಳುವ 700 ಮೀಟರಿನ ಗಾಡಿ ಒಂದು ಬಿಂದುವನ್ನು ದಾಟಲು ಮೂರು ನಿಮಿಷದೊಳಗೆ ಸಾಕು. 1,400 ಮೀಟರಿನದಕ್ಕೆ ಐದೂವರೆ ನಿಮಿಷ ಬೇಕು. ರಸ್ತೆಯ ಗೇಟಿನ ಮುಂದೆ ನಿಂತವನಿಗೆ ಈ ವ್ಯತ್ಯಾಸ ಅಲ್ಪವೆನ್ನಿಸಬಹುದು. ಆಂಬುಲೆನ್ಸಿನಲ್ಲಿ ಕುಳಿತವನಿಗೆ ಹಾಗೆನ್ನಿಸದು.

ಉದ್ದದ ಗಾಡಿಯ ಪರವಾದ ವಾದ

ಎದುರು ಪಕ್ಷದ ವಾದವನ್ನು ಪೂರ್ತಿಯಾಗಿ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಉದ್ದದ ಗಾಡಿಯ ಪರವಾಗಿ ಹೇಳಬೇಕಾದ್ದು ಸಾಕಷ್ಟಿದೆ. ಒಂಟಿ ಹಳಿಯ ಸಾಮರ್ಥ್ಯವನ್ನು ಅಳೆಯುವುದು ದಿನಕ್ಕೆ ಎಷ್ಟು ಗಾಡಿಗಳು ಹೋಗಬಲ್ಲವು ಎಂಬ ಎಣಿಕೆಯಿಂದ. ಆ ಎಣಿಕೆಗೆ ಒಂದು ಮೇರೆಯುಂಟು. ಎರಡು ಗಾಡಿಗಳ ಸರಕನ್ನು ಒಂದರಲ್ಲಿ ಸಾಗಿಸಿದರೆ ಒಂದು ಗಾಡಿಯ ಜಾಗ ಉಳಿಯಿತು. ಉಳಿದ ಜಾಗವನ್ನು ಪ್ರಯಾಣಿಕರ ಗಾಡಿಗೇ ಕೊಡಬಹುದಲ್ಲ ಎಂಬುದು ಅವರ ವಾದ. ಚಾಲಕರ ಕೊರತೆಯಿರುವಾಗ ಈ ಉಳಿತಾಯಕ್ಕೆ ಬೆಲೆ ಇನ್ನೂ ಹೆಚ್ಚು.

ರಸ್ತೆಯ ಸಂಗತಿಯೂ ಇದೆ. 58 ವ್ಯಾಗನ್ನುಗಳ ಒಂದು ಗಾಡಿ ಹೊರುವ ಸರಕು ಸುಮಾರು ಮೂರೂವರೆ ಸಾವಿರ ಟನ್. ಅದನ್ನೇ ರಸ್ತೆಯಲ್ಲಿ ಸಾಗಿಸಲು ಇಪ್ಪತ್ತು ಟನ್ನಿನ ನೂರೈವತ್ತಕ್ಕೂ ಹೆಚ್ಚು ಟ್ರಕ್ಕುಗಳು ಬೇಕು. ಭಟ್ಕಳ, ಹೊನ್ನಾವರ, ಕುಮಟೆಗಳ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಅಷ್ಟು ಟ್ರಕ್ಕುಗಳು ಕಡಿಮೆಯಾಗುವುದೆಂದರೆ ಅದು ಸಣ್ಣ ಉಪಕಾರವಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅದರ ಮೇಲಿದ್ದವರನ್ನೂ ಗಂಗಾವಳಿಗೆ ತಳ್ಳಿದುದನ್ನು ಕಂಡ ಯಾರೂ, ಎಲ್ಲವನ್ನೂ ರಸ್ತೆಯ ಮೇಲೆಯೇ ಹೇರಿ ಎಂದು ಹೇಳಲಾರರು.

ಕೊಂಕಣ ರೈಲ್ವೆ ಈ ವಿಷಯದಲ್ಲಿ ದೇಶಕ್ಕೇ ಒಂದು ದಾರಿ ತೋರಿಸಿತು. 1998ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಗಿ ತೆರೆಯಿತು. ಮರುವರ್ಷವೇ ಟ್ರಕ್ಕನ್ನೇ ವ್ಯಾಗನ್ನಿನ ಮೇಲೇರಿಸಿ ಸಾಗಿಸುವ 'ರೋ-ರೋ' ಸೇವೆ ಆರಂಭವಾಯಿತು. ಸುರತ್ಕಲ್ಲಿನಿಂದ ಕೋಲಾಡಿನ ಕಡೆಗೆ ಸಾಲಾಗಿ ಟ್ರಕ್ಕುಗಳನ್ನು ಹೊತ್ತು, ಚಾಲಕರು ತಮ್ಮ ತಮ್ಮ ಕ್ಯಾಬಿನ್ನಿನಲ್ಲಿಯೇ ಕುಳಿತು, ಶರಾವತಿಯನ್ನು ದಾಟುವ ಆ ಗಾಡಿಯ ಡಬ್ಬಿಗಳನ್ನು ನಾನೂ ಎಣಿಸಿದ್ದುಂಟು. ನಲವತ್ತು, ಐವತ್ತು ಟ್ರಕ್ಕುಗಳು ಗುಡ್ಡ-ಕಣಿವೆಗಳ ಹೆದ್ದಾರಿಯಿಂದ ತಪ್ಪಿದವಲ್ಲ ಎಂದು ಸಮಾಧಾನಪಟ್ಟಿದ್ದೂ ಉಂಟು. ಸರಕು ಹಳಿಯ ಮೇಲೆ ಸಾಗಬಾರದೆಂಬುದು ನನ್ನ ವಾದವಲ್ಲವೆಂದು ವಾಚಕರು ಇದರಿಂದ ತಿಳಿಯಬೇಕು.

ಬಾಲದ ಕಥೆ

ಆದರೂ ಉದ್ದ ಹೆಚ್ಚಿದಂತೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಗಾಡಿಯ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದು. ಚಾಲಕನು ಇಂಜಿನಿನಲ್ಲಿ ಒತ್ತಡವನ್ನು ಇಳಿಸಿದಾಗ ಆ ಇಳಿತ ಕೊಳವೆಯುದ್ದಕ್ಕೂ ಹಿಂದಕ್ಕೆ ಹರಿದುಹೋಗಬೇಕು. ಮುಂದಿನ ವ್ಯಾಗನ್ನು ಮೊದಲು ಹಿಡಿಯುತ್ತದೆ, ಹಿಂದಿನದು ತಡವಾಗಿ ಹಿಡಿಯುತ್ತದೆ. ಆ ನಡುವಿನ ಕ್ಷಣಗಳಲ್ಲಿ ಹಿಂದಿನ ಭಾರವೆಲ್ಲ ಮುಂದಿನದರ ಮೇಲೆ ಬಂದು ಒತ್ತುತ್ತದೆ. ಏರಿನಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ: ಇಂಜಿನು ಎಳೆಯುತ್ತದೆ, ಬಾಲ ಹಿಂದಕ್ಕೆ ಜಗ್ಗುತ್ತದೆ, ನಡುವಿನ ಕೊಂಡಿ ಎರಡೂ ಕಡೆಯ ಎಳೆತವನ್ನು ತಾಳಬೇಕು. ಸಮುದ್ರ ಮಥನದಲ್ಲಿ ವಾಸುಕಿಯನ್ನು ಒಂದು ಕಡೆ ದೇವತೆಗಳೂ ಇನ್ನೊಂದು ಕಡೆ ದಾನವರೂ ಎಳೆದರಂತೆ. ಗಾಡಿಗೆ ಆ ಹೆಸರನ್ನಿಟ್ಟವರು ಈ ಅರ್ಥವನ್ನು ನೆನೆದಿರಲಿಕ್ಕಿಲ್ಲ. ಆದರೆ ಹೆಸರು ಹೊಂದಿಕೊಂಡಿದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ನಡುವೆಯೂ ಕೊನೆಯಲ್ಲಿಯೂ ಇಂಜಿನುಗಳನ್ನು ಹಂಚಿ ಇಟ್ಟು, ಮುಂದಿನ ಚಾಲಕನೇ ಎಲ್ಲವನ್ನೂ ನಿಸ್ತಂತು ವ್ಯವಸ್ಥೆಯಿಂದ ನಡೆಸಬಹುದು. ನಮ್ಮ ದೇಶದಲ್ಲಿಯೂ ಅದು ಬಳಕೆಗೆ ಬಂದಿದೆ. ಆದರೆ ಕೊಂಕಣ ಮಾರ್ಗದ ನೆಲವನ್ನು ನೆನೆಯಬೇಕು. ಇಲ್ಲಿ 91 ಸುರಂಗಗಳಿವೆ. ಸಣ್ಣವು ದೊಡ್ಡವು ಸೇರಿ ಎರಡು ಸಾವಿರದಷ್ಟು ಸೇತುವೆಗಳಿವೆ. ಏರು ಎಲ್ಲಿಯೂ 150ಕ್ಕೆ ಒಂದನ್ನು ಮೀರದಂತೆ ನಿರ್ಮಿಸಿದವರು ಎಚ್ಚರ ವಹಿಸಿದ್ದಾರೆ, ನಿಜ. ಆದರೂ ಅಘನಾಶಿನಿಯಿಂದ ಶರಾವತಿಯವರೆಗಿನ ನೆಲವೆಂದರೆ ಹೊಳೆಯ ಬಯಲು, ಗುಡ್ಡದ ಕಡಿತ, ಮತ್ತೆ ಬಯಲು. ಮೂರು ಕಿಲೋಮೀಟರಿನ ಗಾಡಿಯ ತಲೆ ಇಳಿಜಾರಿನಲ್ಲಿದ್ದರೆ ನಡು ದಿಣ್ಣೆಯ ಮೇಲೂ ಬಾಲ ಏರಿನಲ್ಲಿಯೂ ಇರುವುದು ಇಲ್ಲಿ ಅಪರೂಪವಾಗಲಾರದು.

ಇದರ ಮೇಲೆ ಮಳೆಗಾಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಈ ಮಾರ್ಗಕ್ಕೆ ಬೇರೆಯದೇ ವೇಳಾಪಟ್ಟಿ ಬರುತ್ತದೆ; ವೇಗ ತಗ್ಗುತ್ತದೆ, ಗುಡ್ಡ ಕಡಿದ ಕಡೆಗಳಲ್ಲೆಲ್ಲ ಕಾವಲುಗಾರರು ಹಗಲಿರುಳು ನಡೆಯುತ್ತಾರೆ. 2003ರ ಜೂನ್ 22ರಂದು ವೈಭವವಾಡಿಯ ಬಳಿಯೂ, 2004ರ ಜೂನ್ 16ರಂದು ಮಹಾಡದ ಹತ್ತಿರ ಮತ್ಸ್ಯಗಂಧಾ ಗಾಡಿಗೂ ಒದಗಿದ ದುರಂತಗಳು ಈ ಎಚ್ಚರಕ್ಕೆ ಹಿನ್ನೆಲೆ. ಇಂಥ ಮಳೆಯಲ್ಲಿ ಉದ್ದದ ಗಾಡಿಯ ಕೊಂಡಿಯೊಂದು ನಡುವೆ ತುಂಡಾಯಿತೆನ್ನಿ. ಯಾರಾದರೂ ಇಳಿದು, ಜಲ್ಲಿಯ ಮೇಲೆ, ಸೇತುವೆಯ ಅಂಚಿನಲ್ಲಿ, ಬೇಕಾದರೆ ಸುರಂಗದ ಕತ್ತಲಿನಲ್ಲಿ, ಮೂರೂವರೆ ಕಿಲೋಮೀಟರ್ ನಡೆದು ನೋಡಿಬರಬೇಕು. ಹೋಗುವುದಕ್ಕೇ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ಅಷ್ಟು ಹೊತ್ತು ಒಂಟಿ ಹಳಿಯ ಎರಡೂ ಕಡೆಯ ಸಂಚಾರ ನಿಂತಿರುತ್ತದೆ. ಹಿಂದಿನ ಗಾರ್ಡನ ಬದಲು ಗಾಡಿಯ ಬಾಲಕ್ಕೊಂದು ಯಂತ್ರವನ್ನು ಕಟ್ಟುವ ವ್ಯವಸ್ಥೆಯೂ ಈಗ ಬರುತ್ತಿರುವುದರಿಂದ, ನಡೆಯಬೇಕಾದವನು ಚಾಲಕನ ಸಹಾಯಕನೊಬ್ಬನೇ ಆಗಬಹುದು.

ಅಮೆರಿಕದ ಪಾಠ

ಈ ಚರ್ಚೆ ಅತ್ಯಂತ ಬಿರುಸಾಗಿ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿಯ ಸರ್ಕಾರಿ ಲೆಕ್ಕ ಪರಿಶೋಧನಾ ಕಚೇರಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಅಂಕಿಅಂಶ ಒದಗಿಸಿದ ಎರಡು ದೊಡ್ಡ ಕಂಪನಿಗಳ ಸರಕುಗಾಡಿಗಳ ಸರಾಸರಿ ಉದ್ದ 2008ರಿಂದೀಚೆಗೆ ಕಾಲುಭಾಗದಷ್ಟು ಬೆಳೆದು ಎರಡು ಕಿಲೋಮೀಟರಿನ ಆಸುಪಾಸಿಗೆ ಬಂದಿತ್ತು. ಲೂಪಿನಲ್ಲಿ ಹಿಡಿಸದ ಸರಕುಗಾಡಿಗಾಗಿ ಪ್ರಯಾಣಿಕರ ಗಾಡಿ ಪಕ್ಕಕ್ಕೆ ಸರಿದು ಕಾಯಬೇಕಾಗುತ್ತದೆಂಬ ದೂರು ಅಲ್ಲಿ ಹಳೆಯದು. ಇಂಡಿಯಾನಾದ ಹ್ಯಾಮಂಡ್ ಎಂಬ ಊರಿನಲ್ಲಿ ಗಾಡಿಗಳು ಗೇಟಿಗೆ ಅಡ್ಡವಾಗಿ ನಿಂತಾಗ ಶಾಲೆಯ ಮಕ್ಕಳು ವ್ಯಾಗನ್ನುಗಳ ನಡುವೆ ನುಸುಳಿ ದಾಟುತ್ತಿದ್ದ ಚಿತ್ರಗಳು 2023ರಲ್ಲಿ ದೇಶವನ್ನೇ ಕಲಕಿದವು.

ಅದೇ ವರ್ಷದ ಫೆಬ್ರವರಿ 3ರಂದು ಓಹಾಯೋದ ಈಸ್ಟ್ ಪ್ಯಾಲೆಸ್ಟೀನಿನಲ್ಲಿ ವಿಷರಾಸಾಯನಿಕಗಳನ್ನು ಹೊತ್ತ ಗಾಡಿ ಹಳಿ ತಪ್ಪಿತು. ಅದಕ್ಕೆ ಕಾರಣ ಕಾದು ಕೆಟ್ಟ ಒಂದು ಬೇರಿಂಗು, ಗಾಡಿಯ ಉದ್ದವಲ್ಲ. ಉದ್ದದ ವಿರೋಧಿಗಳು ಅದನ್ನು ತಮ್ಮ ವಾದಕ್ಕೆ ಎಳೆದುಕೊಳ್ಳುವುದು ಸರಿಯಲ್ಲ. ಆದರೆ 2024ರಲ್ಲಿ ಅಲ್ಲಿಯ ರಾಷ್ಟ್ರೀಯ ಅಕಾಡೆಮಿಗಳು ಹೊರತಂದ ವರದಿ ಒಂದು ಸೂಕ್ಷ್ಮವನ್ನು ಎತ್ತಿ ಹೇಳಿತು. ಒಂದೇ ಬಗೆಯ ವ್ಯಾಗನ್ನು, ಒಂದೇ ಸರಕು ಇರುವ ಉದ್ದದ ಗಾಡಿ ಬೇರೆ. ತುಂಬಿದವು, ಖಾಲಿಯವು, ಉದ್ದದವು, ಗಿಡ್ಡದವು ಎಲ್ಲ ಬೆರೆತ ಉದ್ದದ ಗಾಡಿ ಬೇರೆ. ನಿಜವಾದ ಅಪಾಯ ಎರಡನೆಯದರಲ್ಲಿ ಹೆಚ್ಚು. ನಮ್ಮ ದೇಶದ ಸರಕುಗಾಡಿಗಳಲ್ಲಿ ಬಹುಪಾಲು ಮೊದಲನೆಯ ಬಗೆಯವು ಎಂಬುದು ಸಮಾಧಾನದ ಸಂಗತಿ. ಆದ್ದರಿಂದ ಅಮೆರಿಕದ ಹೆದರಿಕೆಯೆಲ್ಲವನ್ನೂ ನಾವು ಆಮದು ಮಾಡಿಕೊಳ್ಳಬೇಕಾಗಿಲ್ಲ. ಆಮದು ಮಾಡಿಕೊಳ್ಳಬೇಕಾದ ಪಾಠ ಒಂದೇ: ಅಲ್ಲಿ ಗಾಡಿ ಮೊದಲು ಬೆಳೆಯಿತು, ಲೂಪ್ ಲೈನು ಬೆಳೆಯಲಿಲ್ಲ, ನಡುವಿನ ನಷ್ಟವನ್ನು ದಾರಿಯ ಬದಿಯ ಊರುಗಳು ಭರಿಸಿದವು.

ಕುಮಟೆಯ ನೆನಪು

ಹಳಿ ಊರುಗಳ ಭಾಗ್ಯವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನಿಳಿದು, ಎತ್ತಿನಗಾಡಿಗಳ ಸಾಲಿನಲ್ಲಿ ಕುಮಟೆಗೆ ಬಂದು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಘಟ್ಟದ ಮೇಲಾದರೂ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ ಹತ್ತಿ' ಎಂದೇ ಹೆಸರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕ್ಯಾಸಲ್ ರಾಕ್ ಮೂಲಕ ಮುರಗಾಂವಿಗೆ ಮುಟ್ಟಿತು. ಹತ್ತಿ ಹಳಿಯ ಬೆನ್ನು ಹತ್ತಿತು. ಕುಮಟೆಯ ಬಂದರು ಬಡವಾಯಿತು. ಹಳಿ ಬಾರದೆ ಒಂದು ಊರು ಸೊರಗಬಹುದೆಂದು ಆಗ ಕಂಡೆವು. ನಾನು ಇಂದು ಕೇಳುವುದು ಇದರ ಮರುಪ್ರಶ್ನೆ: ಹಳಿ ಬಂದೂ, ಅದರ ಮೇಲಿನ ಗಾಡಿಗಳೆಲ್ಲ ನಿಲ್ಲದೆ ಹೋಗುವಂತಾದರೆ ಊರಿಗೆ ದಕ್ಕಿದ್ದೇನು?

ಈ ಪ್ರಶ್ನೆ ಉತ್ಪ್ರೇಕ್ಷೆಯದಲ್ಲ. 2023ರ ಡಿಸೆಂಬರಿನಲ್ಲಿ ಮಂಗಳೂರು-ಮಡಗಾಂವ ನಡುವೆ ಆರಂಭವಾದ ವಂದೇ ಭಾರತ್ ಗಾಡಿಗೆ ಗೊತ್ತುಮಾಡಿದ ನಡುವಣ ನಿಲುಗಡೆಗಳು ಉಡುಪಿ ಮತ್ತು ಕಾರವಾರ. ಭಟ್ಕಳ, ಹೊನ್ನಾವರ, ಕುಮಟೆಗಳು ಅದನ್ನು ನೋಡಿ ಕಳುಹಿಸಿದವು. ಈ ಊರುಗಳ ಸಾಮಾನ್ಯ ಜನರಿಗೆ ಒದಗುವುದು ನಿಧಾನದ ಗಾಡಿಗಳೇ. ಕ್ರಾಸಿಂಗಿನಲ್ಲಿ ಮೊದಲು ನಿಲ್ಲುವುವೂ ಅವೇ. ಆ ಗಾಡಿಗಳಲ್ಲಿ ಯಾರಿರುತ್ತಾರೆ? ಮಣಿಪಾಲಕ್ಕೂ ಮಂಗಳೂರಿಗೂ ಚಿಕಿತ್ಸೆಗೆ ಹೊರಟವರು ಇರುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಕಡೆಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ಪ್ರಾಣಹಾನಿಯಾದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಉತ್ತರ ಕನ್ನಡದಾದ್ಯಂತ ಎದ್ದಿತು. ಆಸ್ಪತ್ರೆ ದೂರವಿರುವ ಜಿಲ್ಲೆಯಲ್ಲಿ ಗಾಡಿಯ ತಡ ಎಂಬುದು ಬರಿಯ ಅನಾನುಕೂಲವಲ್ಲ.

ಮಾಡಬೇಕಾದ್ದು

ಹಾಗಾದರೆ ಸರಕುಗಾಡಿಯ ಉದ್ದವನ್ನು ಕಾನೂನಿನಿಂದ ಕಟ್ಟಿಹಾಕಬೇಕೆ? ದೇಶಕ್ಕೆಲ್ಲ ಒಂದೇ ಅಳತೆ ಎಂಬುದು ನನಗೆ ಸರಿಕಾಣದು. ಜೋಡಿ ಹಳಿಯ ಬಯಲುಸೀಮೆಗೂ ಒಂಟಿ ಹಳಿಯ ಕರಾವಳಿಗೂ ಒಂದೇ ಕೋಲಿನಿಂದ ಅಳೆಯುವುದು ಅವಿವೇಕ. ಆದರೆ ಒಂದು ಕ್ರಮವನ್ನು ಮಾತ್ರ ಬದಲಿಸಕೂಡದು: ಹಾಸಿಗೆ ಮೊದಲು, ಕಾಲು ಆಮೇಲೆ. ರೋಹಾದಿಂದ ವೀರದವರೆಗಿನ ಸುಮಾರು 47 ಕಿಲೋಮೀಟರ್ ಬಿಟ್ಟರೆ ಕೊಂಕಣ ಮಾರ್ಗ ಇನ್ನೂ ಒಂಟಿಯೇ. ಆ ಜೋಡಿ ಹಳಿ ಮುಗಿದದ್ದೂ 2021ರಲ್ಲಿ. ಕುಮಟಾ ತಾಲೂಕಿನ ಮಿರ್ಜಾನದಲ್ಲಿ ಹೊಸ ಕ್ರಾಸಿಂಗ್ ನಿಲ್ದಾಣ ಬಂದುದು ಸರಿಯಾದ ದಿಕ್ಕಿನ ಹೆಜ್ಜೆ. ಅಂಥ ನಿಲ್ದಾಣಗಳೂ, ಕೆಲವು ಆಯ್ದ ಕಡೆಗಳಲ್ಲಿ ಒಂದೂವರೆ ಕಿಲೋಮೀಟರಿನ ಲೂಪ್ ಲೈನುಗಳೂ, ಕೊನೆಗೆ ಜೋಡಿ ಹಳಿಯೂ ಬರುವ ಮುನ್ನ ಈ ಭಾಗದಲ್ಲಿ ಗಾಡಿಯ ಉದ್ದ ಲೂಪಿನ ಉದ್ದವನ್ನು ಮೀರಬಾರದು. ಮಳೆಗಾಲದ ತಿಂಗಳುಗಳಲ್ಲಿ ಯಾವ ಪ್ರಯೋಗವೂ ಬೇಡ. ಬಂದರುಗಳಿಗೆ ಅನುಮತಿ ಕೊಡುವಾಗ ಅವುಗಳ ಸರಕು ಯಾವ ಹಳಿಯ ಮೇಲೆ, ಯಾರ ಗಾಡಿಯನ್ನು ನಿಲ್ಲಿಸಿ ಹೋಗುತ್ತದೆಂಬ ಲೆಕ್ಕವನ್ನೂ ಜನರ ಮುಂದಿಡಬೇಕು.

ಇದನ್ನು ಕೇಳುವ ಸಮಯವೂ ಈಗ ಒದಗಿದೆ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದಾಗ ಕರ್ನಾಟಕವು ಶೇಕಡ 15ರ ಪಾಲುದಾರನಾಗಿ ಸೇರಿತು. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಮಾತು ಬಲವಾಗಿದೆ. 2025ರಲ್ಲಿ ಮಹಾರಾಷ್ಟ್ರ ಒಪ್ಪಿಗೆ ಕೊಡುವಾಗ ಮಾರ್ಗಕ್ಕೆ 'ಕೊಂಕಣ' ಎಂಬ ಹೆಸರು ಉಳಿಯಬೇಕೆಂದು ಷರತ್ತು ಹಾಕಿತು. ಹೆಸರನ್ನು ಉಳಿಸಿಕೊಳ್ಳುವುದು ಒಳ್ಳೆಯದೇ. ನಮ್ಮ ರಾಜ್ಯ ಮಾತ್ರ ಅದಕ್ಕಿಂತ ಗಟ್ಟಿಯಾದುದೊಂದನ್ನು ಕೇಳಲಿ: ಜೋಡಿ ಹಳಿಗೆ ಹಣ, ಮತ್ತು ಅದು ಬರುವವರೆಗೆ ಸ್ಥಳೀಯ ಪ್ರಯಾಣಿಕರ ಗಾಡಿಗೆ ಕ್ರಾಸಿಂಗಿನಲ್ಲಿ ಆದ್ಯತೆಯ ಲಿಖಿತ ಭರವಸೆ. ಭಟ್ಕಳದಿಂದ ಕುಮಟೆಯವರೆಗಿನ ಜನ ಈ ಹಳಿಗಾಗಿ ಗದ್ದೆ ಕೊಟ್ಟಿದ್ದಾರೆ, ತೋಟ ಕೊಟ್ಟಿದ್ದಾರೆ. ಸರಕು ಸಾಗಲಿ, ದೇಶ ಬೆಳೆಯಲಿ. ಆದರೆ ಆ ಬೆಳವಣಿಗೆಯ ಕಾಯುವ ಪಾಲೆಲ್ಲ ಅವರಿಗೇ ಬರುವಂತೆ ಆಗಬಾರದು.